ಚಿಕ್ಕಮ್ಮನ ಊರಿಗೆ ಕಳಿಸಿ ನೋಡಿ: ಪ್ರೊಬೇಷನ್ ಹುಡುಗರ ಜೊತೆ ನನ್ನ ಅನುಭವ

ದಾವಣಗೆರೆ ಕಡೆ ವೀಕ್ಷಣಾಲಯದಿಂದ (ಕೇಸಿಗೆ ಸಿಕ್ಕ 18ರೊಳಗಿನ ಮಕ್ಕಳನ್ನು ಇರಿಸುವ ಸರ್ಕಾರಿ ನಿಲಯ) ಹೊರಬಂದ ಹುಡುಗರ ಜೊತೆ ಏಳೆಂಟು ವರ್ಷದಿಂದ ಇದ್ದೇನೆ. "ಹುಡುಗನನ್ನು ಅದೇ ಗಲ್ಲಿಗೆ ವಾಪಸ್ ಬಿಡಬೇಡಿ, ಬೇರೆ ಊರಲ್ಲಿ ಚಿಕ್ಕಮ್ಮನೋ ಸೋದರತ್ತೆಯೋ ಇದ್ದರೆ ಅವರಿಗೆ ಒಪ್ಪಿಸಿ" ಎಂದಾಗ ಯಾರೂ ನಂಬಲಿಲ್ಲ. ಹಿರಿಯರೊಬ್ಬರು, "ಮೇಡಂ, ಆ ಹೆಂಗಸಿನ ಕಿವಿಯೋಲೆನೂ ಹೋಗುತ್ತೆ ನೋಡ್ತಿರಿ" ಅಂದಿದ್ದರು. ಇಲ್ಲಿವರೆಗೆ ಇಪ್ಪತ್ತೈದರ ಆಸುಪಾಸು ಹುಡುಗರನ್ನು ಹೀಗೆ ಕಳಿಸಿದ್ದೇವೆ. ಮತ್ತೆ ಕೇಸಾದವರು ಮೂರೋ ನಾಲ್ಕೋ. ಓಲೆ ಯಾರದ್ದೂ ಹೋಗಿಲ್ಲ.

ಮೊದಲು ಎಲ್ಲರಂತೆ ನಾವೂ ಹೊಲಿಗೆ ಮೆಷಿನ್ ಕೊಡಿಸಿದೆವು. ಒಂದೊಂದಕ್ಕೆ ಆರೇಳು ಸಾವಿರ. ಹೊರಗೆ ಹೋದ ಮೇಲೆ ಹೊಲಿದವನು ಒಬ್ಬನೂ ಇಲ್ಲ. ಎರಡು ಮೆಷಿನ್ ಗುಜರಿಗೆ ಹೋದವು. ಆಮೇಲೆ 18 ತುಂಬಿದವರನ್ನು ಗ್ಯಾರೇಜಿಗೆ ಸೇರಿಸಿದೆವು. ಹುಡುಗರು ಚೆನ್ನಾಗಿಯೇ ಕಲಿತರು. ಆದರೆ ಏರಿಯಾದಲ್ಲಿ ಬೈಕ್ ಕಳುವಾದಾಗಲೆಲ್ಲ ಠಾಣೆಯಿಂದ ಬಂದು ಮೊದಲು ಇವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಮೂರನೇ ಸಲಕ್ಕೆ ಮಾಲೀಕ "ಬೇಡ ಅಕ್ಕ" ಅಂದ. ಅವನದ್ದೇನು ತಪ್ಪು? ಹುಡುಗನಿಗಿಂತ ಆ ಗಲ್ಲಿಯ ನೆನಪೇ ದೊಡ್ಡ ತೊಂದರೆ ಅಂತ ಆಗ ಖಾತ್ರಿಯಾಯಿತು.

2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 18ರಲ್ಲಿ, ಹುಡುಗನನ್ನು ಪ್ರೊಬೇಷನ್ ಮೇಲೆ ಬಿಡುವಾಗ ಬಾಂಡ್ ಬರೆಸಿಕೊಂಡು ಪೋಷಕರಿಗೋ ಯೋಗ್ಯ ವ್ಯಕ್ತಿಗೋ (ಹುಡುಗನ ಜವಾಬ್ದಾರಿ ಹೊರಲು ತಕ್ಕವರು ಅಂತ ಒಪ್ಪಿಗೆ ಪಡೆದವರು) ಒಪ್ಪಿಸಲು ದಾರಿ ಇದ್ದೇ ಇದೆ. ನಾವು ಸುಮ್ನೆ "ಪೋಷಕರು" ಅನ್ನುವಲ್ಲೇ ನಿಂತುಬಿಡುತ್ತೇವೆ. ನಾನೀಗ ಸಾಮಾಜಿಕ ತನಿಖಾ ವರದಿಯ (ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ಬರೆಯುವ ವರದಿ) ಹಂತದಲ್ಲೇ ಬಂಧುಗಳ ಪಟ್ಟಿ ಮಾಡಿಕೊಳ್ಳುತ್ತೇನೆ. ವರದಿಗೆ ಸಿಗುವ ಎರಡು ವಾರ ಸಾಲುವುದಿಲ್ಲ, ಆದರೂ ಮಾಡಬಹುದು. ಜಗಳೂರು, ಹರಪನಹಳ್ಳಿ, ಚಳ್ಳಕೆರೆ ಕಡೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಹೆಂಗಸರಾದರೆ ಉತ್ತಮ. ಗಂಡಸರು ಒಂದು ತಿಂಗಳು ಬುದ್ಧಿ ಹೇಳಿ ಆಮೇಲೆ ಕೈಬಿಡುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೋರ್ಡ್ (ಈ ಕೇಸುಗಳನ್ನು ನಡೆಸುವ ಬಾಲನ್ಯಾಯ ಮಂಡಳಿ) ತಾರೀಖಿಗೆ ಚಿಕ್ಕಮ್ಮನ ಬಸ್ ಚಾರ್ಜೂ ಉಳಿಯಿತು. ಹುಡುಗನನ್ನು ಇಟ್ಟುಕೊಳ್ಳಲು ಆಕೆಯ ಮನವೊಲಿಸುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ಬರೆದರೆ ಕೆಲಸ ಮಾಡುವುದಿಲ್ಲ.

ಹದಿನೇಳರ ಹುಡುಗನ ಗೋಳು ನಿಮಗೆ ಗೊತ್ತೇ ಇದೆ. ರುಡ್‌ಸೆಟ್‌ಗೆ (ಸ್ವಉದ್ಯೋಗ ತರಬೇತಿ ಸಂಸ್ಥೆ) ಕಳಿಸೋಣ ಅಂದರೆ 18 ಆಗಿರಬೇಕು. ಕೆಲಸಕ್ಕೆ ಬಿಟ್ಟರೆ ನಾಳೆ ನಮ್ಮ ಕೊರಳಿಗೇ ಬರುತ್ತದೆ. ಆ ಖಾಲಿ ವರ್ಷಕ್ಕೆ ನಾನು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿಸುತ್ತೇನೆ. ಬೆಳಗ್ಗೆ ಎರಡು ಗಂಟೆ ಪಾಠ, ಅಷ್ಟೇ. ಜಾಸ್ತಿ ಕೂರಿಸಿದರೆ ಓಡಿಹೋಗುತ್ತಾರೆ. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇದ್ದದ್ದು ನಮಗೆ ವರವಾಗಿತ್ತು. ಗಣಿತ, ಇಂಗ್ಲಿಷ್ ಹೋದರೂ ಹುಡುಗ ಅದೇ ವರ್ಷ ಮತ್ತೆ ಬರೆಯಬಹುದು. ಮುಂದಿನ ವರ್ಷದವರೆಗೆ ಕಾಯಿಸಿದರೆ ಅರ್ಧ ಹುಡುಗರು ಕೈತಪ್ಪುತ್ತಾರೆ.

ಖರ್ಚು? ಒಬ್ಬನಿಗೆ ತಿಂಗಳಿಗೆ ಮೂರೂವರೆ ಸಾವಿರ ಹಿಡಿಯಿರಿ. ದಿನಸಿಗೆ ಎರಡು ಸಾವಿರ ಚಿಕ್ಕಮ್ಮನ ಕೈಗೆ, ಸಾವಿರ ಪಾಠ ಹೇಳುವವರಿಗೆ, ಉಳಿದದ್ದು ಪುಸ್ತಕ, ಹುಡುಗನ ಬಸ್ಸು. ಹುಡುಗನ ಕೈಗೆ ದುಡ್ಡು ಕೊಡುವುದಿಲ್ಲ. ಮಿಷನ್ ವಾತ್ಸಲ್ಯದ (ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆ) ಪ್ರಾಯೋಜಕತ್ವ ತಿಂಗಳಿಗೆ 4000 ರೂಪಾಯಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ. ಮಂಜೂರಾಗಿ ಖಾತೆಗೆ ಬೀಳುವಷ್ಟರಲ್ಲಿ ನಮ್ಮ ಹುಡುಗರ ಒಂದು ಪರೀಕ್ಷೆಯೇ ಮುಗಿದಿರುತ್ತದೆ. ಅಲ್ಲಿವರೆಗೆ ಬಟ್ಟೆ ಅಂಗಡಿಯ ಸ್ನೇಹಿತರೊಬ್ಬರು ಕೈಗಡ ಕೊಡುತ್ತಾರೆ.

ನಡುವೆ 18 ದಾಟಿದ ಇಬ್ಬರನ್ನು ಮದುವೆ ಅಡುಗೆಯವರ ಜೊತೆ ಬಿಟ್ಟು ನೋಡಿದೆ. ಕೈಚಳಕ ಬಂತು, ಒಬ್ಬ ಹೋಳಿಗೆ ಎಷ್ಟು ಚೆಂದ ತಟ್ಟುತ್ತಿದ್ದ ಅಂತೀರಿ! ಆದರೆ ರಾತ್ರಿ ಕೆಲಸ, ಬೆಳಗಿನ ಜಾವ ಕೈಗೆ ನಗದು, ಜೊತೆಗೆ ಕುಡಿಯುವವರ ಗುಂಪು. ಆರು ತಿಂಗಳಿಗೆ ನಿಲ್ಲಿಸಿದೆ. ಹೋಳಿಗೆಯವನು ಈಗ ಚಳ್ಳಕೆರೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಾನೆ.

ಇನ್ನೊಂದು ಮಾತು: ಹೊಸ ಊರಲ್ಲಿ "ಏನು ಕೇಸು?" ಅಂತ ಮಾಲೀಕ ಕೇಳಿದರೂ ಹೇಳಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುವ ಸೆಕ್ಷನ್ 74 ಅದೇ ಕಾಯ್ದೆಯಲ್ಲಿ ಸುಮ್ನೆ ಇಟ್ಟಿದ್ದಲ್ಲ. "ನನ್ನ ಹುಡುಗ, ನಾನು ಜವಾಬ್ದಾರಿ" ಅನ್ನಿ, ಸಾಕು.

ಬಂಧುಗಳೇ ಇಲ್ಲದವರಿಗೆ ಈ ದಾರಿ ಇಲ್ಲ ಅಂತ ಈಗ ಆಕ್ಷೇಪ ಬಂದಿದೆ. ಒಬ್ಬನಿಗಾಗಿ ನಿವೃತ್ತ ಮೇಷ್ಟ್ರು-ಅವರ ಹೆಂಡತಿಯನ್ನು ಒಪ್ಪಿಸಿ, ಯೋಗ್ಯ ವ್ಯಕ್ತಿ ಎಂದು ಪರಿಗಣಿಸಲು ಅರ್ಜಿ ಹಾಕಿದ್ದೇವೆ. ಮುಂದಿನ ತಿಂಗಳು ತಾರೀಖಿದೆ.