ಬಡ ಮಕ್ಕಳಿಗೆ ಹಾಕಿ ಕಲಿಸಲು ಹೊರಟವರಿಗೆ

ಭಾರತ ಹಾಕಿ ತಂಡದ ನಾಯಕರಾಗಿದ್ದ ಬೆಂಗಳೂರಿನ ಜೂಡ್ ಫೆಲಿಕ್ಸ್ (1994ರ ಅರ್ಜುನ, 2020ರ ದ್ರೋಣಾಚಾರ್ಯ ಪ್ರಶಸ್ತಿ) ನಿವೃತ್ತಿಯ ನಂತರ ಅನಾಥ, ಬಡ ಮಕ್ಕಳಿಗಾಗಿ ಅಕಾಡೆಮಿ ಕಟ್ಟಿದರು. ಅಂಥ ಒಳ್ಳೆಯ ಕೆಲಸಕ್ಕೆ ನೀವೂ ಇಳಿಯುವುದಾದರೆ ಮೊದಲು ಸ್ಟಿಕ್ ಅಳೆದು ಕೊಡಿ. ನೆಟ್ಟಗೆ ನಿಂತ ಮಗುವಿನ ಸೊಂಟದ ಮೂಳೆಯವರೆಗೆ ಬಂದರೆ ಸರಿ. ದಾನವಾಗಿ ಬರುವುದು ಹೆಚ್ಚಾಗಿ ದೊಡ್ಡವರ 36.5 ಇಂಚಿನ ಸ್ಟಿಕ್. ಚಿಕ್ಕ ಮಕ್ಕಳು ಅದನ್ನು ಹಿಡಿದರೆ ಮೇಲ್ತುದಿ ಹೊಟ್ಟೆಗೆ ತಾಗುತ್ತದೆ, ಬೆನ್ನು ಬಗ್ಗುವುದಿಲ್ಲ, ಡ್ರಿಬಲ್ (ಸ್ಟಿಕ್ಕಿನಿಂದ ಚೆಂಡು ತಟ್ಟುತ್ತಾ ಓಡುವುದು) ಕೆಡುತ್ತದೆ.

ಸ್ಟಿಕ್ ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ. ಸ್ಟಿಕ್ ತಿರುಗಿಸುವುದು ಎಡಗೈ. ಬಲಗೈ ಬಿಗಿದರೆ ರಿವರ್ಸ್ (ಸ್ಟಿಕ್ ತಿರುಗಿಸಿ ಎಡಬದಿಯ ಚೆಂಡು ಆಡುವುದು) ಬರುವುದೇ ಇಲ್ಲ. ಎಡಚ ಮಕ್ಕಳಿಗೂ ಇದೇ ಹಿಡಿತ, ನಿಯಮದಲ್ಲಿ ಎಡಚರಿಗಾಗಿ ಮಾಡಿದ ಸ್ಟಿಕ್ಕಿಗೆ ಜಾಗವಿಲ್ಲ.

ಪಂದ್ಯದ ಚೆಂಡು 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಮಣ್ಣಿನ ಮೈದಾನದಲ್ಲಿ ಜಲ್ಲಿಗೆ ತಾಗಿದರೆ ನೇರ ಮುಖಕ್ಕೆ ಹಾರುತ್ತದೆ. ದಿನವೂ ಕಲ್ಲು ಆರಿಸಿ. ಶಿನ್ ಗಾರ್ಡ್ (ಮೊಣಕಾಲಿನ ಕೆಳಗಿನ ಮೂಳೆಗೆ ಕವಚ), ಮೌತ್ ಗಾರ್ಡ್ (ಹಲ್ಲಿಗೆ ಕವಚ) ಸಿಗುವವರೆಗೆ ಟೆನಿಸ್ ಚೆಂಡೇ ಸಾಕು. ಪುಶ್ (ಸ್ಟಿಕ್ ಬೀಸದೆ ಚೆಂಡು ತಳ್ಳುವುದು) ಪಕ್ಕಾ ಆದ ಮೇಲಷ್ಟೇ ಹಿಟ್ (ಬೀಸಿ ಹೊಡೆಯುವುದು). ಅವಸರಪಟ್ಟರೆ ಸ್ಟಿಕ್ ಬೀಸಿ ಪಕ್ಕದವರಿಗೆ ಪೆಟ್ಟಾಗುತ್ತದೆ.

ಹಣ ಕೂಡಿಸುವಾಗ ಬಸ್ ಚಾರ್ಜ್, ಶೂ, ಆಟದ ನಂತರದ ಬಾಳೆಹಣ್ಣು, ಮೊಟ್ಟೆ ಸೇರಿಸಿ. ಮಕ್ಕಳು ಬಿಟ್ಟುಹೋಗುವುದು ಆಟ ಬಾರದೆ ಅಲ್ಲ, ಹಸಿವಿನಿಂದ.