ದಾಸವಾಳದ ಹಿಟ್ಟು ತಿಗಣೆ: ಇರುವೆ ತಡೆದ ಮೇಲೆ ಹೋಯಿತು

ನಮ್ಮ ತಾರಸಿಯ ಕುಂಡದಲ್ಲಿರುವ ದಾಸವಾಳಕ್ಕೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಮೀಲಿಬಗ್ ಕೀಟ) ಹತ್ತಿತ್ತು. ಚಿಗುರು ಮುರುಟಿ, ಮೊಗ್ಗು ಉದುರುತ್ತಿದ್ದವು. ಬೇವಿನ ಎಣ್ಣೆ ಹೊಡೆದರೆ ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು.

ಗುಟ್ಟು ಇದ್ದದ್ದು ಇರುವೆಯಲ್ಲಿ. ತಿಗಣೆ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಅದರ ಆಸೆಗೆ ಇರುವೆಗಳು ತಿಗಣೆಯನ್ನು ಕಾಯುತ್ತವೆ, ಅದನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನು (ಲೇಡಿಬರ್ಡ್) ಓಡಿಸುತ್ತವೆ, ತಿಗಣೆಯ ಮರಿಗಳನ್ನು ಹೊಸ ಚಿಗುರಿಗೆ ಹೊತ್ತೊಯ್ಯುತ್ತವೆ. ಥೇಟ್ ಹಸು ಸಾಕಿದ ಹಾಗೆ!

ಹಾಗಾಗಿ ಮೊದಲು ಇರುವೆಯ ದಾರಿ ಮುಚ್ಚಿದೆ. ಕಾಂಡಕ್ಕೆ ಟೇಪ್ ಸುತ್ತಿ, ಅದರ ಮೇಲೆ ಗ್ರೀಸ್ ಸವರಿದೆ. ತೊಗಟೆಗೆ ನೇರವಾಗಿ ಗ್ರೀಸ್ ಬೇಡ. ಗೋಡೆಗೆ ತಾಗುವ ಒಂದು ಕೊಂಬೆ ಇದ್ದರೂ ಇರುವೆಗೆ ಅದೇ ಸೇತುವೆ, ಅದನ್ನೂ ಕತ್ತರಿಸಿದೆ. ಪೂರ್ತಿ ಹಾಳಾದ ಚಿಗುರುಗಳನ್ನು ಕವರಿಗೆ ಹಾಕಿ ಕಟ್ಟಿ ಎಸೆದೆ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು.

ಆಮೇಲೆ ಬೇವಿನ ಎಣ್ಣೆ. 1 ಲೀಟರ್ ನೀರಿಗೆ 5 ಮಿ.ಲೀ., ಜೊತೆಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪಿಲ್ಲದೆ ಎಣ್ಣೆ ನೀರಲ್ಲಿ ಬೆರೆಯಲ್ಲ. ಎಲೆಯ ಅಡಿಗೂ, ಕವಲುಗಳ ಸಂದಿಗೂ ಬೀಳಬೇಕು. ವಾರಕ್ಕೊಮ್ಮೆ, ಸಂಜೆ ಮಾತ್ರ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಈಗ ಚಿಗುರು ನೆಟ್ಟಗೆ ಬರುತ್ತಿದೆ. ಗ್ರೀಸ್‌ಗೆ ಧೂಳು ಕೂತರೆ ಇರುವೆ ಸಲೀಸಾಗಿ ದಾಟುತ್ತೆ, ಆಗಾಗ ಹೊಸದಾಗಿ ಸವರುತ್ತಿರಬೇಕು ಅಷ್ಟೆ.