ಚೀನಾದಲ್ಲಿ ಸೋಯಾ ಹಾಲು: ಮೊದಲ ನೊರೆಗೆ ಒಲೆ ಆರಿಸಬೇಡಿ

ಓದಿಗೆ, ಕೆಲಸಕ್ಕೆ ಅಂತ ಚೀನಾಕ್ಕೆ ಹೋದ ನಮ್ಮವರು ಸೋಯಾ ಹಾಲು ಬೇಕೆಂದರೆ ಮೊದಲು ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ಅಲ್ಲಿ ಒಳ್ಳೆಯ ಸೋಯಾ ಹಾಲು ಇರುವುದು ಬೀದಿ ಬದಿಯ ತಿಂಡಿ ಅಂಗಡಿಯಲ್ಲಿ, ಅದೂ ಬೆಳಗಿನ ಹೊತ್ತು.

ಮೊದಲು ಹೆಸರು ಕಲಿಯಿರಿ. ಕಾಳು ರುಬ್ಬಿ, ಸೋಸಿ, ಕುದಿಸಿದ ಹಾಲಿಗೆ ‘ದೋವ್ ಜ್ಯಾಂಗ್’ ಅನ್ನುತ್ತಾರೆ. ‘ದೋವ್ ನಾಯ್’ ಅಂತ ಬರೆದ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತದೆ, ಕೆಲವಕ್ಕೆ ಹಾಲಿನ ಪುಡಿಯನ್ನೂ ಬೆರೆಸಿರುತ್ತಾರೆ. ಹಸುವಿನ ಹಾಲು ಒಗ್ಗದವರು ಹಿಂಬದಿಯ ಬರಹವನ್ನು ಫೋನಿನಲ್ಲಿ ಅನುವಾದಿಸಿ ನೋಡಿ. ನೀರು, ಸೋಯಾ ಎರಡೇ ಇದ್ದರೆ ಧೈರ್ಯವಾಗಿ ತಗೊಳ್ಳಿ. ಬೀಜಿಂಗ್‌ನಲ್ಲಿ ‘ದೋವ್ ಜರ್’ ಅಂತ ಇನ್ನೊಂದಿದೆ. ಅದು ಹೆಸರುಕಾಳಿನಿಂದ ಮಾಡುವ ಹುಳಿ ಪಾನೀಯ, ಸೋಯಾ ಹಾಲಲ್ಲ.

ಅಂಗಡಿಯಲ್ಲಿ ಕೇಳುವಾಗ ‘ಬು ಜ್ಯಾ ಥಾಂಗ್’ ಅನ್ನಿ. ಸಕ್ಕರೆ ಹಾಕಬೇಡಿ ಅಂತ ಅರ್ಥ. ಜೊತೆಗೆ ‘ಯೋವ್ ಥ್ಯಾವ್’ ಎಂಬ ಉದ್ದನೆಯ ಕರಿದ ತಿಂಡಿ ಅದ್ದಿಕೊಂಡು ತಿನ್ನುವುದು ಅಲ್ಲಿನ ವಾಡಿಕೆ. ಶಾಂಘೈ ಕಡೆ ಉಪ್ಪಿನ ಸೋಯಾ ಹಾಲೂ ಸಿಗುತ್ತದೆ. ವಿನೆಗರ್ ಬಿದ್ದು ಅರ್ಧ ಒಡೆದಿರುವ ಆ ಬಿಸಿ ಬಟ್ಟಲು ಬಹಳ ರುಚಿ. ಆದರೆ ಅದರ ಮೇಲೆ ಒಣ ಸಿಗಡಿ ಉದುರಿಸಿರುತ್ತಾರೆ. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ.

ಇನ್ನು ಮನೆಯಲ್ಲಿ ಮಾಡುವುದು. ‘ಹ್ವಾಂಗ್ ದೋವ್’ ಅಂದರೆ ಹಳದಿ ಸೋಯಾ ಕಾಳು, ಎಲ್ಲ ಸಂತೆಯಲ್ಲೂ ಸಿಗುತ್ತದೆ. 100 ಗ್ರಾಂ ಕಾಳಿಗೆ ಸುಮಾರು ಒಂದು ಲೀಟರ್ ನೀರು ಸಾಕು. ರಾತ್ರಿಯಿಡೀ, ಅಂದರೆ 8ರಿಂದ 10 ತಾಸು ನೆನೆಸಿ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲೇ ಇಡಿ, ಇಲ್ಲದಿದ್ದರೆ ನೀರು ಹುಳಿಯುತ್ತದೆ. ಬೆಳಗ್ಗೆ ಆ ನೀರು ಚೆಲ್ಲಿ, ಕಾಳನ್ನು ಉಜ್ಜಿ ತೊಳೆಯಿರಿ.

ಹಸಿ ವಾಸನೆ ಬೇಡ ಅಂದರೆ ರುಬ್ಬುವಾಗ ತಣ್ಣೀರು ಹಾಕಬೇಡಿ. ಕಾಳು ಒಡೆದ ಕೂಡಲೇ ಅದರೊಳಗಿನ ಒಂದು ಕಿಣ್ವ ಎಣ್ಣೆಯಂಶದ ಜೊತೆ ಸೇರಿ ಆ ವಾಸನೆ ಹುಟ್ಟಿಸುತ್ತದೆ. ಕುದಿಯುವ ನೀರು ಹಾಕಿ ರುಬ್ಬಿದರೆ ಕಿಣ್ವ ಅಲ್ಲೇ ಕೆಲಸ ನಿಲ್ಲಿಸುತ್ತದೆ. ಬಿಸಿ ತಡೆಯುವ ಜಾರ್ ಇದ್ದರೆ ಮಾತ್ರ ಹೀಗೆ ಮಾಡಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಆವಿ ಹೋಗಲು ಜಾಗ ಬಿಡಿ. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಹಿಂಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಹಂತ. ದೊಡ್ಡ ಪಾತ್ರೆಯಲ್ಲಿ ಒಲೆಗಿಡಿ. 80 ಡಿಗ್ರಿ ಆಸುಪಾಸಿನಲ್ಲೇ ನೊರೆ ಉಕ್ಕಿ ಮೇಲೆ ಬರುತ್ತದೆ. ನೋಡಿದರೆ ಕುದಿ ಬಂದ ಹಾಗೇ ಕಾಣುತ್ತದೆ. ಅದು ಕುದಿಯಲ್ಲ. ಕಾಳಿನಲ್ಲಿರುವ ಸಪೋನಿನ್ ಎಂಬ ಅಂಶ ಸೋಪಿನಂತೆ ನೊರೆ ಕಟ್ಟುತ್ತದೆ, ಅಷ್ಟೇ. ಚೀನಾದಲ್ಲಿ ಇದಕ್ಕೆ ‘ಸುಳ್ಳು ಕುದಿ’ ಎಂಬ ಅರ್ಥದ ಹೆಸರೇ ಇದೆ. ನಾನು ಮೊದಲ ಸಲ ಆ ನೊರೆ ನೋಡಿ ಇಳಿಸಿಬಿಟ್ಟೆ. ಕುಡಿದ ಒಂದು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಇದೆ. ಚೆನ್ನಾಗಿ ಬೇಯಿಸಿದರೇನೇ ಅದರ ಬಲ ಕುಂದುವುದು. ಹಾಗಾಗಿ ಉರಿ ಸಣ್ಣ ಮಾಡಿ, ಕೈಯಾಡಿಸುತ್ತಾ ನೊರೆ ಇಳಿಸಿ, ನಿಜವಾದ ಕುದಿ ಬಂದ ಮೇಲೆ ಪೂರ್ತಿ 10 ನಿಮಿಷ ಬಿಡಿ. ತಳ ಬೇಗ ಹಿಡಿಯುತ್ತದೆ, ಪಕ್ಕದಲ್ಲೇ ನಿಂತಿರಿ.

ಇಷ್ಟು ಸಮಯವಿಲ್ಲದವರಿಗೆ ಯಂತ್ರವೇ ಒಳ್ಳೆಯದು. ಜಿನಾನ್ ನಗರದಲ್ಲಿ 1994ರಲ್ಲಿ ಶುರುವಾದ ಜೋಯಂಗ್ ಕಂಪನಿ ಇದಕ್ಕೇ ಹೆಸರುವಾಸಿ. ರುಬ್ಬುವುದು, ಕುದಿಸುವುದು ಎರಡೂ ಅದರಲ್ಲೇ ಆಗುತ್ತದೆ. ಹಾಸ್ಟೆಲಿನಲ್ಲಿ ಇರುವವರು ಕೊಳ್ಳುವ ಮೊದಲು ಕೋಣೆಯಲ್ಲಿ ಇಡಬಹುದಾ ಅಂತ ಕೇಳಿಕೊಳ್ಳಿ.

ಉಳಿದ ಹಾಲು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಹಿಂಡಿದ ಚರಟ ಎಸೆಯಬೇಡಿ. ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ರೊಟ್ಟಿ ತಟ್ಟಿ, ಎರಡೂ ಬದಿ ಚೆನ್ನಾಗಿ ಬೇಯಿಸಿ.

ಫಿಲ್ಟರ್ ಕಾಫಿಗೆ ಹಾಕುವುದಾದರೆ ಇನ್ನೊಂದು ಮಾತು. ಡಿಕಾಕ್ಷನ್ನಿನ ಹುಳಿಗೆ ಸೋಯಾ ಹಾಲು ಬೇಗ ಒಡೆಯುತ್ತದೆ. ಲೋಟಕ್ಕೆ ಮೊದಲು ಬೆಚ್ಚಗಿನ ಹಾಲು ಸುರಿದು, ಡಿಕಾಕ್ಷನ್ನನ್ನು ಸ್ವಲ್ಪ ಆರಿಸಿ, ಸಣ್ಣ ಧಾರೆಯಲ್ಲಿ ಬಿಡುತ್ತಾ ಕಲಕಿ.